ತಾರಸಿ ಬಡಿದ ಕೈಗಳು

ಹೈಸ್ಕೂಲಿನ ಮಕ್ಕಳಿಗೆ ಇಪ್ಪತ್ತೆಂಟು ವರ್ಷಗಳಿಂದ ಚರಿತ್ರೆ ಹೇಳುತ್ತಾ ಬಂದ ನನಗೆ ಒಂದು ಸಂಗತಿ ಮತ್ತೆ ಮತ್ತೆ ಕಾಡುತ್ತದೆ. ನಮ್ಮ ಪಠ್ಯಪುಸ್ತಕದ ಕಟ್ಟಡಗಳಿಗೆ ಗೋಪುರವಿದೆ, ಕಮಾನಿದೆ, ಕಂಬವಿದೆ, ಕಟ್ಟಿಸಿದ ದೊರೆಯ ಹೆಸರೂ ಇದೆ. ಆದರೆ ಅವುಗಳ ಮಾಡು ಏನಾಗಿತ್ತು, ಅದನ್ನು ಯಾರು ಹಾಕಿದರು, ಸೋರಿದಾಗ ಯಾರು ಸರಿಮಾಡಿದರು ಎಂಬ ಮಾತು ಮಾತ್ರ ಎಲ್ಲಿಯೂ ಬರುವುದಿಲ್ಲ. ಸಂಸಾರ ಮಾಡಿದ ಹೆಂಗಸರಿಗೆ ಈ ಕೊರತೆ ಬೇಗ ಗೊತ್ತಾಗುತ್ತದೆ. ಮನೆಯ ಮುಂಬಾಗಿಲು ಎಷ್ಟೇ ಚೆನ್ನಾಗಿರಲಿ, ಆಷಾಢದ ಮಳೆಯಲ್ಲಿ ಎಲ್ಲಿ ಪಾತ್ರೆ ಇಡಬೇಕು, ಎಲ್ಲಿಂದ ಹಾಸಿಗೆ ಎಳೆಯಬೇಕು ಎಂದು ಬಲ್ಲವರು ನಾವೇ ತಾನೆ? ಆದ್ದರಿಂದ ಮಾಡಿನ ಚರಿತ್ರೆಯನ್ನು ನಾಲ್ಕು ಮಾತಿನಲ್ಲಿ ಹೇಳಲು ನನಗೂ ಸ್ವಲ್ಪ ಅಧಿಕಾರವಿದೆ ಎಂದುಕೊಂಡಿದ್ದೇನೆ.

ನಮ್ಮದು ಮಾಗಡಿ ಸೀಮೆಯ ಸೋಲೂರು. ಬೆಂಗಳೂರಿನಿಂದ ಮಂಗಳೂರಿಗೆ ಹೋಗುವ ಹೆದ್ದಾರಿಯಲ್ಲಿ ನೆಲಮಂಗಲ ದಾಟಿ ಕುಣಿಗಲ್ಲಿಗೆ ಹೋಗುವವರು ನಮ್ಮೂರನ್ನು ಹಾದೇ ಹೋಗಬೇಕು. ಈ ಸೀಮೆಯಲ್ಲಿ ಕಲ್ಲಿಗೆ ಬರವಿಲ್ಲ. ನಾನು ಚಿಕ್ಕವಳಿದ್ದಾಗ ಬಡವರ ಮನೆಗೆ ಹುಲ್ಲಿನ ಮಾಡು, ಸ್ವಲ್ಪ ಅನುಕೂಲವಿದ್ದವರಿಗೆ ನಾಡಹಂಚು, ಇನ್ನೂ ಅನುಕೂಲಸ್ಥರಿಗೆ ಮಂಗಳೂರು ಹಂಚು ಅಥವಾ ಕಲ್ಲು ಚಪ್ಪಡಿ. ಮಂಗಳೂರು ಹಂಚೆಂದರೆ 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಕಾರ್ಖಾನೆ ಹಾಕಿದ ಮೇಲೆ ನಾಡೆಲ್ಲಾ ಹಬ್ಬಿದ ವಸ್ತು. ಇಳಿಜಾರು ಮಾಡಿನ ಗುಣವೇ ಬೇರೆ. ಬಿದ್ದ ಮಳೆ ಅಲ್ಲಿ ನಿಲ್ಲುವುದಿಲ್ಲ. ಹಂಚು ಒಡೆದರೆ ಆ ಒಂದು ಹಂಚನ್ನು ತೆಗೆದು ಬೇರೆ ಇಟ್ಟರಾಯಿತು.

ಮಟ್ಟಸ ಮಾಡಿನ ಕಥೆ ಹಾಗಲ್ಲ. ಅದರ ಮೇಲೆ ಓಡಾಡಬಹುದು, ಹಪ್ಪಳ ಸಂಡಿಗೆ ಒಣಗಿಸಬಹುದು, ಬೇಸಿಗೆಯಲ್ಲಿ ಚಾಪೆ ಹಾಸಿ ಮಲಗಬಹುದು, ನಾಳೆ ಕೈಯಲ್ಲಿ ದುಡ್ಡಾದರೆ ಇನ್ನೊಂದು ಅಂತಸ್ತು ಎಬ್ಬಿಸಬಹುದು. ಇಷ್ಟೆಲ್ಲಾ ಸುಖ ಕೊಡುವ ಮಾಡು ಅದಕ್ಕೆ ಪ್ರತಿಯಾಗಿ ವರ್ಷ ವರ್ಷವೂ ಸೇವೆ ಕೇಳುತ್ತದೆ. ಚಿತ್ರದುರ್ಗ, ಬಳ್ಳಾರಿ ಕಡೆಯ ಮಣ್ಣಿನ ಮಾಳಿಗೆ ಮನೆಗಳನ್ನು ನೀವು ನೋಡಿರಬಹುದು. ತೊಲೆ, ಜಂತೆ, ಅದರ ಮೇಲೆ ಕಡ್ಡಿ ಸೊಪ್ಪು, ಅದರ ಮೇಲೆ ಮಣ್ಣು. ಮಳೆಗಾಲಕ್ಕೆ ಮುಂಚೆ ಕರಲು ಮಣ್ಣು ತಂದು ಮೇಲೆ ಹರಡಿ ತುಳಿಯುವುದು ಅಲ್ಲಿ ಹಬ್ಬಕ್ಕೆ ಸುಣ್ಣ ಬಳಿದಷ್ಟೇ ಸಹಜವಾದ ಕೆಲಸ. ದೂರದ ತುರ್ಕಿ ದೇಶದ ಹಳ್ಳಿಗಳಲ್ಲಿ ಮಣ್ಣಿನ ಮಾಡಿನ ಮೇಲೆಯೇ ಒಂದು ಗುಂಡನೆಯ ಉರುಳುಕಲ್ಲನ್ನು ಇಟ್ಟಿರುತ್ತಿದ್ದರು. ಮಳೆ ಬಂದಾಗ, ಹಿಮ ಕರಗಿದಾಗ ಅದನ್ನು ಉರುಳಿಸಿ ಮಣ್ಣನ್ನು ಗಟ್ಟಿಮಾಡುತ್ತಿದ್ದರು. ಮಟ್ಟಸ ಮಾಡನ್ನು ಒಮ್ಮೆ ಕಟ್ಟಿ ಮರೆತುಬಿಡುವಂತಿಲ್ಲ ಎಂಬ ತಿಳಿವಳಿಕೆ ಎಲ್ಲ ನಾಡಿನ ಜನಕ್ಕೂ ಇತ್ತು.

ಹತ್ತೊಂಬತ್ತನೆಯ ಶತಮಾನದಲ್ಲಿ ನಮ್ಮ ಕಡೆಯ ದೊಡ್ಡ ಕಟ್ಟಡಗಳಿಗೆಲ್ಲ ಬಂದದ್ದು ಮದ್ರಾಸ್ ತಾರಸಿ. ಇಂದಿನ ಹುಡುಗಿಯರಿಗೆ ಆ ಹೆಸರೂ ಗೊತ್ತಿಲ್ಲ. ಅದರ ಕಟ್ಟೋಣ ಹೀಗೆ: ಗೋಡೆಯಿಂದ ಗೋಡೆಗೆ ತೇಗದ ಅಥವಾ ಬೇರೆ ಗಟ್ಟಿಮರದ ಜಂತೆಗಳನ್ನು ಸುಮಾರು ಒಂದೂವರೆ ಅಡಿಗೊಂದರಂತೆ ಜೋಡಿಸುತ್ತಾರೆ. ಜಂತೆಗಳ ನಡುವೆ ತೆಳ್ಳನೆಯ ತಾರಸಿ ಇಟ್ಟಿಗೆಗಳನ್ನು, ಎಂದರೆ ಸುಮಾರು 6 ಇಂಚು ಉದ್ದ, 3 ಇಂಚು ಅಗಲ, 1 ಇಂಚು ದಪ್ಪದವನ್ನು, ಗಾರೆಯಲ್ಲಿ ಅದ್ದಿ ಅಂಚಿನ ಮೇಲೆ ನಿಲ್ಲಿಸಿ ಓರೆಯಾಗಿ ಸಾಲುಗೂಡಿಸುತ್ತಾರೆ. ಕೆಳಗಿನಿಂದ ನೋಡಿದರೆ ಚಾಪೆ ಹೆಣೆದಂತೆ ಕಾಣುತ್ತದೆ. ಅದರ ಮೇಲೆ ಇಟ್ಟಿಗೆ ಜಲ್ಲಿ ಮತ್ತು ಸುಣ್ಣದ ಗಾರೆ ಕಲಸಿದ ಮೂರು ನಾಲ್ಕು ಇಂಚಿನ ಪದರ. ಅದರ ಮೇಲೆ ಚಪ್ಪಟೆ ಬಿಲ್ಲೆಗಳು, ಕೊನೆಗೆ ನುಣುಪು ಗಾರೆ. ನೀರು ಹರಿದು ಹೋಗಲು ಒಂದು ಕಡೆಗೆ ಸಣ್ಣ ವಾಟ.

ಇದರಲ್ಲಿ ಜೀವ ಇರುವುದು ಆ ಜಲ್ಲಿಗಾರೆಯ ಪದರದಲ್ಲಿ. ಅದನ್ನು ಹಾಕಿ ಬಿಟ್ಟರೆ ಆಗದು, ಬಡಿಯಬೇಕು. ಮರದ ಕೊಡತಿ ಹಿಡಿದು, ಸಾಲಾಗಿ ಕುಕ್ಕರುಗಾಲಲ್ಲಿ ಕೂತು, ಬೆಲ್ಲ ಮತ್ತು ಅಳಲೆಕಾಯಿ ನೆನೆಸಿದ ನೀರನ್ನು ಚಿಮುಕಿಸುತ್ತಾ, ದಿನಗಟ್ಟಲೆ ಒಂದೇ ಲಯದಲ್ಲಿ ಬಡಿಯಬೇಕು. ನಾಲ್ಕು ಇಂಚಿನ ಪದರ ಮೂರಕ್ಕೆ ಇಳಿಯಬೇಕು. ಈ ಬಡಿಯುವ ಕೆಲಸ ಬಹುಪಾಲು ಹೆಂಗಸರದ್ದು. ಗೋಡೆ ಎಬ್ಬಿಸಿದವರು, ಕಮಾನು ತಿರುಗಿಸಿದವರು ಗಂಡಸರು. ಮಳೆಯನ್ನು ತಡೆದು ನಿಲ್ಲಿಸಿದ್ದು ಹೆಂಗಸರ ಕೈ.

ನಮ್ಮ ಬೀದಿಯ ಕೊನೆಯ ಮನೆಯಲ್ಲಿ ಒಬ್ಬ ಅಜ್ಜಿ ಇದ್ದರು. ವಯಸ್ಸಿನಲ್ಲಿ ಬೆಂಗಳೂರಿಗೆ ಗಾರೆಕೆಲಸಕ್ಕೆ ಹೋಗಿ ತಾರಸಿ ಬಡಿದು ಬಂದವರು. ನಾನು ಮಿಡ್ಲ್‌ಸ್ಕೂಲಿನಲ್ಲಿದ್ದಾಗ ಅವರ ಅಂಗೈ ಮುಟ್ಟಿ ನೋಡಿದ್ದೆ. ಸೌದೆಯ ಸಿಪ್ಪೆಯಂತೆ ಒರಟಾಗಿತ್ತು. ಎಷ್ಟು ಹೊತ್ತು ಬಡಿಯಬೇಕಜ್ಜಿ ಎಂದು ಕೇಳಿದರೆ, “ಕೊಡ್ತಿ ನೆಗ್ದು ಕೈಗೇ ವಾಪಸ್ ಬರ್ಬೇಕು ಕಣವ್ವ, ಅಲ್ಲೀಗಂಟ ಮೇಸ್ತ್ರಿ ಮೇಲಕ್ಕೇಳಕ್ಕೆ ಬುಡ್ತಿರ್ಲಿಲ್ಲ” ಎಂದಿದ್ದರು. ಗಾರೆ ಬಿಗಿದಿದೆಯೋ ಇಲ್ಲವೋ ಎಂದು ತಿಳಿಯಲು ಅವರ ಹತ್ತಿರ ಇದ್ದ ಯಂತ್ರ ಅದೊಂದೇ. ಕೊಡತಿ ನೆಗೆದು ಬಂದರೆ ಪದರ ಗಟ್ಟಿಯಾಗಿದೆ, ಮೆತ್ತಗೆ ಕೂತರೆ ಇನ್ನೂ ಬಡಿಯಬೇಕು. ಹಸುಗೂಸನ್ನು ನೆರಳಿನಲ್ಲಿ ಮಲಗಿಸಿ, ಬಿಸಿಲಿನಲ್ಲಿ ಕೂತು ಬಡಿಯುತ್ತಿದ್ದೆವು, ಹಾಡಿಲ್ಲದೆ ಆ ಕೆಲಸ ಸಾಗುತ್ತಲೇ ಇರಲಿಲ್ಲ ಎಂದೂ ಹೇಳಿದ್ದರು.

ಈಗ ಮೈಸೂರಿಗೆ ಬರೋಣ. 1881ರಲ್ಲಿ ಮೈಸೂರು ಸಂಸ್ಥಾನ ಬ್ರಿಟಿಷರ ಕೈಯಿಂದ ಮತ್ತೆ ಒಡೆಯರಿಗೆ ಬಂತು. ಚಾಮರಾಜೇಂದ್ರ ಒಡೆಯರ ಆ ಕಾಲದಲ್ಲಿ ನಗರದ ರೂಪವೇ ಬದಲಾಯಿತು. ವೈಸರಾಯ್ ಲಾರ್ಡ್ ಲ್ಯಾನ್ಸ್‌ಡೌನ್ 1892ರಲ್ಲಿ ಮೈಸೂರಿಗೆ ಬಂದ ನೆನಪಿಗೆ ಎರಡು ಅಂತಸ್ತಿನ ಉದ್ದನೆಯ ಅಂಗಡಿ ಸಾಲೊಂದು ಎದ್ದಿತು. ಅದೇ ಲ್ಯಾನ್ಸ್‌ಡೌನ್ ಕಟ್ಟಡ. ಅದಕ್ಕೆ ಹತ್ತಿರದಲ್ಲೇ ಸಯ್ಯಾಜಿರಾವ್ ರಸ್ತೆ ಮತ್ತು ಧನ್ವಂತರಿ ರಸ್ತೆಗಳ ನಡುವೆ ದೇವರಾಜ ಮಾರುಕಟ್ಟೆ. ಎರಡೂ ಇಟ್ಟಿಗೆ, ಗಾರೆ, ಮರದ ಕೆಲಸದ ಕಟ್ಟಡಗಳು. ಮೇಲೆ ಆ ಕಾಲದ ರೂಢಿಯ ಮದ್ರಾಸ್ ತಾರಸಿ.

ಶಾಲೆಯ ಪ್ರವಾಸಕ್ಕೆ ಮಕ್ಕಳನ್ನು ಕರೆದುಕೊಂಡು ಹೋದಾಗಲೆಲ್ಲ ಅರಮನೆ ನೋಡಿದ ಮೇಲೆ ನಾನು ದೇವರಾಜ ಮಾರುಕಟ್ಟೆಗೂ ಒಂದು ಸುತ್ತು ಹಾಕಿಸುತ್ತಿದ್ದೆ. ಮಲ್ಲಿಗೆಯ ದಿಂಡು, ಗೋಪುರದಂತೆ ಪೇರಿಸಿದ ಅರಿಸಿನ ಕುಂಕುಮ, ನಂಜನಗೂಡಿನ ರಸಬಾಳೆ, ವೀಳೆಯದೆಲೆಯ ಕಟ್ಟು. ಈ ವಾಸನೆಗಳೆಲ್ಲ ಸೇರಿ ಒಂದು ಚರಿತ್ರೆಯ ಪಾಠವೇ ಆಗುತ್ತಿತ್ತು. ಎಂಟುನೂರಕ್ಕೂ ಮೀರಿದ ಅಂಗಡಿಗಳು. ಲ್ಯಾನ್ಸ್‌ಡೌನ್ ಕಟ್ಟಡದ ಹಳೆಯ ಪುಸ್ತಕದಂಗಡಿಗಳಲ್ಲಿ ಬಿ.ಎ. ಓದುವ ಹುಡುಗಿಯರು ಅರ್ಧ ಬೆಲೆಗೆ ಪಠ್ಯಪುಸ್ತಕ ಕೊಳ್ಳುತ್ತಿದ್ದರು. ಎರಡೂ ಕಟ್ಟಡಗಳು ಮಹಾನಗರ ಪಾಲಿಕೆಯ ಸ್ವತ್ತು. ಅಂಗಡಿಯವರು ಬಾಡಿಗೆದಾರರು.

2012ರ ಆಗಸ್ಟ್ 25ರಂದು ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿಯಿತು. ನಾಲ್ವರು ಸತ್ತರು. ಅಂಗಡಿಗಳನ್ನು ತೆರವು ಮಾಡಿಸಿದರು. ನಾಲ್ಕು ವರ್ಷ ಕಳೆದು 2016ರ ಆಗಸ್ಟ್ 28ರ ಭಾನುವಾರ, ದುರಸ್ತಿ ಕೆಲಸ ನಡೆಯುತ್ತಿದ್ದ ಕಾಲದಲ್ಲೇ, ದೇವರಾಜ ಮಾರುಕಟ್ಟೆಯ ಉತ್ತರ ದಿಕ್ಕಿನ ಭಾಗ ಕುಸಿದುಬಿತ್ತು. ಪತ್ರಿಕೆಯಲ್ಲಿ ಮಣ್ಣು, ಇಟ್ಟಿಗೆ, ಮುರಿದ ತೊಲೆಗಳ ಚಿತ್ರ ನೋಡಿದಾಗ ನನಗೆ ನಮ್ಮ ಬೀದಿಯ ಅಜ್ಜಿಯ ಅಂಗೈ ನೆನಪಾಯಿತು. ಅಂಥ ಎಷ್ಟು ಕೈಗಳು ಬಡಿದು ಬಿಗಿಮಾಡಿದ ಮಾಡುಗಳೋ ಅವು!

ನೂರು ವರ್ಷ ನಿಂತ ಮಾಡು ಏಕೆ ಬೀಳುತ್ತದೆ? ಹಳೆಯದಾಯಿತು, ಬಿತ್ತು ಎಂದು ಹೇಳುವುದು ಸುಲಭ. ಆದರೆ ವಯಸ್ಸೊಂದರಿಂದಲೇ ಮಾಡು ಬೀಳುವುದಿಲ್ಲ. ಇಂಥ ತಾರಸಿಗಳು ಹಾಳಾಗುವ ಕ್ರಮವನ್ನು ಬಲ್ಲವರು ಹೇಳುವುದು ಹೀಗೆ. ಮೊದಲು ನೀರು ಹೋಗುವ ಕಂಡಿಯಲ್ಲಿ ಎಲೆ, ಕಸ, ಗೂಡಿನ ಕಡ್ಡಿ ಸೇರಿಕೊಳ್ಳುತ್ತದೆ. ನೀರು ನಿಲ್ಲುತ್ತದೆ. ಗೋಡೆಯ ಮೂಲೆಯಲ್ಲಿ ಹಕ್ಕಿ ಹಾಕಿದ ಅರಳಿಯ ಬೀಜ ಮೊಳೆತು ಬೇರು ಬಿಡುತ್ತದೆ. ಬೇರಿನ ಸಂದಿಯಿಂದ ಇಳಿದ ನೀರು ಗೋಡೆಯೊಳಗೆ ಹುದುಗಿರುವ ಜಂತೆಯ ತುದಿಯನ್ನು ತಲುಪುತ್ತದೆ. ಜಂತೆಯ ನಡುಭಾಗ ಕಣ್ಣಿಗೆ ಕಾಣುತ್ತದೆ, ಅದಕ್ಕೆ ಬಣ್ಣವನ್ನೂ ಹೊಡೆಯುತ್ತೇವೆ. ಆದರೆ ಭಾರ ಹೊರುವ ತುದಿ ಕಾಣುವುದಿಲ್ಲ. ಅಲ್ಲಿ ಮರ ಕುಂಬಾಗುತ್ತದೆ, ಗೆದ್ದಲು ಹಿಡಿಯುತ್ತದೆ. ಕಬ್ಬಿಣದ ತೊಲೆಯಾದರೆ ತುಕ್ಕು ಹಿಡಿದು ಊದಿಕೊಂಡು ಸುತ್ತಲ ಗಾರೆಯನ್ನು ಸೀಳುತ್ತದೆ.

ಈ ನಡುವೆ ಮಾಡು ಸೋರುತ್ತದೆ. ಸೋರಿದಾಗ ಏನು ಮಾಡುತ್ತಾರೆ? ಹಳೆಯ ಪದರವನ್ನು ತೆಗೆಯಲು ಖರ್ಚು, ರಗಳೆ. ಆದ್ದರಿಂದ ಅದರ ಮೇಲೆಯೇ ಇನ್ನೊಂದು ಪದರ ಸಿಮೆಂಟ್ ಹಾಕಿಬಿಡುತ್ತಾರೆ. ಹತ್ತು ವರ್ಷಕ್ಕೆ ಮತ್ತೊಂದು. ಮಕ್ಕಳಿಗೆ ಹೇಳುವ ಹಾಗೆ ಒಂದು ಲೆಕ್ಕ ಹಾಕಿ ತೋರಿಸುತ್ತೇನೆ. ಹತ್ತು ಅಡಿ ಉದ್ದ, ಹತ್ತು ಅಡಿ ಅಗಲದ ಒಂದು ಸಣ್ಣ ಅಂಗಡಿಯ ಮೇಲೆ ಎರಡು ಇಂಚು ದಪ್ಪದ ಗಾರೆ ಹಾಕಿದರೆ ಅದರ ತೂಕ ಸುಮಾರು 900 ಕಿಲೋ. ಎಂದರೆ 50 ಕಿಲೋದ ಹದಿನೆಂಟು ಮೂಟೆಗಳನ್ನು ಆ ಮಾಡಿನ ಮೇಲೆ ಜೋಡಿಸಿ ಶಾಶ್ವತವಾಗಿ ಬಿಟ್ಟುಬಂದ ಹಾಗೆ. ಕಂಡಿ ಕಟ್ಟಿಕೊಂಡು ಒಂದೇ ಒಂದು ಇಂಚು ನೀರು ನಿಂತರೆ ಅದು ಇನ್ನೊಂದು 235 ಕಿಲೋ. ಅದರ ಮೇಲೆ ನೀರಿನ ಟ್ಯಾಂಕು, ಜಾಹೀರಾತಿನ ಚೌಕಟ್ಟು, ಮುರಿದ ಕುರ್ಚಿ, ಹಳೆಯ ಬಾಗಿಲು. ಕೆಳಗೆ ಜಂತೆಯ ತುದಿ ಕುಂಬಾಗುತ್ತಿದೆ, ಮೇಲೆ ಹೊರೆ ಏರುತ್ತಿದೆ. ಸುಣ್ಣದ ಗಾರೆ ಹೀರಿಕೊಂಡ ತೇವವನ್ನು ಬಿಸಿಲಿಗೆ ಬಿಟ್ಟುಕೊಡುವ ಗುಣದ್ದು. ಸಿಮೆಂಟು ಅದರ ಬಾಯಿ ಮುಚ್ಚಿ ತೇವವನ್ನು ಒಳಗೇ ಕೂಡಿಹಾಕುತ್ತದೆ. ರೋಗಿಗೆ ಔಷಧಿಯೆಂದು ಕೊಟ್ಟದ್ದೇ ರೋಗವನ್ನು ಬಲಿಸಿದ ಹಾಗೆ.

ಹಾಗಾದರೆ ಇಂಥ ದೊಡ್ಡ ಅಂಗಡಿ ಕಟ್ಟಡದ ಮಾಡನ್ನು ಬದಲಾಯಿಸುವುದು ಹೇಗೆ? ಮೊದಲು ಕೆಳಗಿನವರು ಹೊರಬರಬೇಕು. ಒಳಗಿನಿಂದ ಆಸರೆ ಕಂಬಗಳನ್ನು ಕೊಡಬೇಕು. ಮೇಲಿನ ಸತ್ತ ಪದರಗಳನ್ನು ಯಂತ್ರ ಹಚ್ಚಿ ಗುದ್ದದೆ, ಕೈಯಿಂದ ಒಂದೊಂದಾಗಿ ಇಳಿಸಬೇಕು. ಇಡೀ ಮಾಡನ್ನು ಒಟ್ಟಿಗೇ ತೆಗೆಯುವಂತಿಲ್ಲ. ಗೋಡೆ ಮಾಡನ್ನು ಹೊತ್ತಿದೆ ಎಂದು ನಾವು ತಿಳಿಯುತ್ತೇವೆ, ಅದೇ ಹೊತ್ತಿನಲ್ಲಿ ಮಾಡು ಕೂಡ ಗೋಡೆಗಳನ್ನು ಒಂದಕ್ಕೊಂದು ಕಟ್ಟಿ ಹಿಡಿದಿರುತ್ತದೆ. ಆದ್ದರಿಂದ ಒಂದು ಅಂಕಣ ಬಿಚ್ಚಿ, ಜಂತೆಗಳನ್ನು ಬಡಿದು ಚುಚ್ಚಿ ಪರೀಕ್ಷೆ ಮಾಡಿ, ಕೆಟ್ಟದ್ದನ್ನು ಬದಲಿಸಿ, ಮತ್ತೆ ಇಟ್ಟಿಗೆ ಗಾರೆ ಹಾಕಿ, ಅದು ಬಿಗಿದ ಮೇಲೆ ಮುಂದಿನ ಅಂಕಣಕ್ಕೆ ಕೈಹಾಕಬೇಕು. ಸುಣ್ಣದ ಗಾರೆ ಅವಸರವನ್ನು ಸಹಿಸುವುದಿಲ್ಲ, ವಾರಗಟ್ಟಲೆ ತೇವ ಕೊಟ್ಟು ಕಾಯಬೇಕು. ನಮ್ಮ ಕಡೆ ಈ ಕೆಲಸಕ್ಕೆ ಸಿಗುವುದು ದೀಪಾವಳಿ ಕಳೆದು ಯುಗಾದಿಯವರೆಗಿನ ನಾಲ್ಕೈದು ತಿಂಗಳು ಮಾತ್ರ. ಮುಂಗಾರಿಗೆ ಮೊದಲೇ ಬರುವ ಗುಡುಗು ಮಳೆ ಯಾರನ್ನೂ ಕೇಳಿ ಬರುವುದಿಲ್ಲ.

ದೇವರಾಜ ಮಾರುಕಟ್ಟೆಯ ವಿಷಯದಲ್ಲಿ ಎರಡು ವಾದ ಎದ್ದವು. ಕೆಟ್ಟದ್ದನ್ನು ಬಿಚ್ಚಿ ಹಳೆಯ ಕ್ರಮದಲ್ಲೇ ದುರಸ್ತಿ ಮಾಡಿ ಉಳಿಸಬಹುದು ಎಂದು ಪರಂಪರೆಯ ತಜ್ಞರು ಹೇಳಿದರು. ಪ್ರಾಣಾಪಾಯವಿದೆ, ಕೆಡವಿ ಅದೇ ಚಹರೆಯಲ್ಲಿ ಹೊಸದಾಗಿ ಕಟ್ಟಬೇಕು ಎಂದು ಇನ್ನೊಂದು ಕಡೆಯವರು ಹೇಳಿದರು. ವಿಷಯ ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿತು. ನಾಲ್ಕು ಜೀವ ಹೋದ ಮೇಲೆ ಪ್ರಾಣಭಯದ ಮಾತನ್ನು ಹಗುರವಾಗಿ ತಳ್ಳಿಹಾಕಲು ಯಾರಿಗೂ ಸಾಧ್ಯವಿಲ್ಲ. ಆದರೆ ಈ ಎರಡು ವಾದಗಳ ನಡುವೆ ಮೂರನೆಯ ಪ್ರಶ್ನೆಯೊಂದು ಉಳಿದೇಬಿಡುತ್ತದೆ. ಹೂವು ಕಟ್ಟಿ ಮಾರುವವಳು, ಎಲೆ ಅಡಿಕೆಯವಳು ಕೆಲಸ ಮುಗಿಯುವ ತನಕ ಎಲ್ಲಿ ಕೂರಬೇಕು? ಹೊಸ ಕಟ್ಟಡ ಎದ್ದಾಗ ಅವಳ ಜಾಗ ಅವಳಿಗೆ ಸಿಗುತ್ತದೆಯೆ? ಬಾಡಿಗೆ ಚೀಟಿ ಇದ್ದವರಿಗೆ ಕಾಗದದ ಬಲವಿದೆ. ಬುಟ್ಟಿ ಇಟ್ಟುಕೊಂಡು ಹಜಾರದ ಅಂಚಿನಲ್ಲಿ ಕೂತವಳಿಗೆ ದಿನದ ಗಿರಾಕಿಯೇ ಬಲ. ಎದ್ದು ಹೋಗಿ ಎನ್ನುವುದು ಇಂಜಿನಿಯರಿಗೆ ಕೆಲಸದ ಮೊದಲ ಹೆಜ್ಜೆ. ಅವಳಿಗೆ ಅದು ಆ ದಿನದ ಒಲೆಯ ಪ್ರಶ್ನೆ.

ಮಾಡಿನ ದುರಸ್ತಿ ಬಾಡಿಗೆ ಕಟ್ಟಡಗಳಲ್ಲಿ ಏಕೆ ಮುಂದಕ್ಕೆ ಹೋಗುತ್ತಲೇ ಇರುತ್ತದೆ ಎಂಬುದನ್ನು ತಿಳಿಯಲು ಮೈಸೂರಿಗೇ ಹೋಗಬೇಕಿಲ್ಲ. ಹೆದ್ದಾರಿಯ ಪಕ್ಕ ನನಗೆ ಪರಿಚಯದ ಒಂದು ಅಂಗಡಿ ಸಾಲು ಇದೆ, ಅದರ ಹೆಸರು ಬೇಡ. ನಲವತ್ತು ವರ್ಷದ ಹಿಂದೆ ಹಾಕಿದ ಆರ್‌ಸಿಸಿ ಮಾಡು. ಅಲ್ಲಿ ಒಬ್ಬ ಹೆಣ್ಣುಮಗಳು ಬಟ್ಟೆ ಹೊಲಿಯುತ್ತಾಳೆ. ನನ್ನ ಹಳೆಯ ವಿದ್ಯಾರ್ಥಿನಿ. ಒಂದು ಮಳೆಗಾಲದಲ್ಲಿ ಮದುವೆಯ ಮನೆಯವರು ಕೊಟ್ಟಿದ್ದ ರೇಷ್ಮೆ ಕಣದ ಮೇಲೆ ತುಕ್ಕಿನ ನೀರು ತೊಟ್ಟಿಕ್ಕಿ ಕಲೆಯಾಯಿತು. ಅದರ ಬೆಲೆಯನ್ನು ಅವಳೇ ಕಂತಿನಲ್ಲಿ ತೀರಿಸಿದಳು. ಮಾಲೀಕರನ್ನು ಕೇಳಿದರೆ “ನೀವು ಕೊಡೋ ಬಾಡಿಗೇಲಿ ರಿಪೇರಿ ಮಾಡಿಸಕ್ಕಾಗುತ್ತೇನಮ್ಮ” ಎಂಬ ಉತ್ತರ. ಬಾಡಿಗೆದಾರರು ತಮ್ಮದಲ್ಲದ ಮಾಡಿಗೆ ತಾವೇಕೆ ದುಡ್ಡು ಹಾಕಬೇಕು ಎನ್ನುತ್ತಾರೆ. ಇಬ್ಬರ ಮಾತಿನಲ್ಲೂ ನ್ಯಾಯವಿದೆ. ಆದರೆ ಮಳೆ ಅವರ ನ್ಯಾಯ ತೀರುವ ತನಕ ಕಾಯುವುದಿಲ್ಲ. ಕೊನೆಗೆ ಮೇಲೊಂದು ಸಿಮೆಂಟಿನ ಪದರ ಬಿತ್ತು. ಮೂರು ವರ್ಷಕ್ಕೆ ಅದೂ ಬಿರಿಯಿತು. ಈಗ ಅದರ ಮೇಲೆ ತಗಡಿನ ಶೀಟು ಹೊದಿಸಿದ್ದಾರೆ.

ಆರ್‌ಸಿಸಿ ಬಂದಾಗ ಅದು ಅಮರ ಎಂದು ನಮ್ಮ ಹಿರಿಯರು ನಂಬಿದ್ದರು. ಸಿಮೆಂಟು ಬಂತು, ಇನ್ನು ಬಡಿಯುವುದೂ ಬೇಡ, ಬೆಲ್ಲದ ನೀರೂ ಬೇಡ ಎಂದು ಸಂತೋಷಪಟ್ಟರು. ಆ ಸಂತೋಷ ಸುಳ್ಳೇನಲ್ಲ. ಬಿಸಿಲಿನಲ್ಲಿ ಕೂತು ತಾರಸಿ ಬಡಿಯುವ ದುಡಿಮೆ ಮತ್ತೆ ಬರಲಿ ಎಂದು ನಾನು ಹಾರೈಸುವುದಿಲ್ಲ, ಅದನ್ನು ಹಾಡಿನ ಚೆಂದದಲ್ಲಿ ಮುಚ್ಚಿಡುವುದೂ ಸರಿಯಲ್ಲ. ಆದರೆ ಕಾಂಕ್ರೀಟಿನ ಒಳಗಿರುವುದೂ ಕಬ್ಬಿಣವೇ. ನೀರು ಅದನ್ನು ಮುಟ್ಟಿದರೆ ಅದೂ ತುಕ್ಕು ಹಿಡಿದು ಊದಿಕೊಳ್ಳುತ್ತದೆ, ಅಡಿಯಿಂದ ಚಕ್ಕೆ ಚಕ್ಕೆಯಾಗಿ ಗಾರೆ ಉದುರುತ್ತದೆ. ಅಡಿಗೆಮನೆಯ ಮೇಲ್ಛಾವಣಿಯಲ್ಲಿ ಹೀಗೆ ಚಕ್ಕೆ ಎದ್ದು ಕೆಂಪು ಕಂಬಿ ಕಾಣುತ್ತಿದ್ದರೆ ಬಣ್ಣ ಬಳಿದು ಮುಚ್ಚಬೇಡಿ. ಅದು ಮಾಡು ಬರೆದ ಪತ್ರ, ಅದನ್ನು ಓದಬಲ್ಲ ಇಂಜಿನಿಯರನ್ನು ಕರೆಸಿ.

ಇಷ್ಟೆಲ್ಲಾ ಯೋಚಿಸಿದ ಮೇಲೆ ನನಗೆ ಅನ್ನಿಸುವುದಿಷ್ಟು. ಹಳೆಯ ಮಾಡುಗಳು ನೂರು ವರ್ಷ ನಿಂತದ್ದು ತೇಗದ ಬಲದಿಂದಲೋ ಬೆಲ್ಲದ ನೀರಿನ ಮಹಿಮೆಯಿಂದಲೋ ಮಾತ್ರವಲ್ಲ. ಮಳೆಗೆ ಮುಂಚೆ ಒಬ್ಬರು ಮೇಲೆ ಹತ್ತಿ ಕಂಡಿ ಗುಡಿಸುತ್ತಿದ್ದರು, ಅರಳಿಯ ಸಸಿ ಬೆರಳುದ್ದ ಇರುವಾಗಲೇ ಕೀಳುತ್ತಿದ್ದರು, ಬಿರುಕಿಗೆ ಗಾರೆ ಮೆತ್ತುತ್ತಿದ್ದರು. ಆ ಕೆಲಸಕ್ಕೆ ಸಂಬಳದ ಪಟ್ಟಿಯಲ್ಲಿ ದೊಡ್ಡ ಹೆಸರಿರಲಿಲ್ಲ, ಶಿಲಾಫಲಕದಲ್ಲಂತೂ ಇರಲೇ ಇಲ್ಲ. ಆ ಒಬ್ಬರ ಕೆಲಸ ಯಾವತ್ತು ನಿಂತುಹೋಯಿತೋ ಅವತ್ತಿನಿಂದಲೇ ಮಾಡಿನ ಆಯುಸ್ಸು ಎಣಿಕೆಗೆ ಬಂತು. ಕೋಟಿ ಸುರಿದು ಹೊಸ ಮಾಡು ಹಾಕಿಸಿ, ಆ ಒಬ್ಬರನ್ನು ಮತ್ತೆ ನೇಮಿಸದೆ ಹೋದರೆ, ಬದಲಾಗುವುದು ಬೀಳುವ ತಾರೀಖು ಮಾತ್ರ.

ಇತ್ತೀಚೆಗೆ ಒಂಬತ್ತನೆಯ ತರಗತಿಯವರಿಗೆ ನಾನೊಂದು ಮನೆಗೆಲಸ ಕೊಡುತ್ತೇನೆ. ನಿಮ್ಮ ಮನೆಯ ಮಾಡು ಯಾವ ಬಗೆಯದು, ಯಾವ ವರ್ಷ ಹಾಕಿದ್ದು, ನೀರು ಹೋಗುವ ಕಂಡಿ ಎಲ್ಲಿದೆ, ಅದನ್ನು ಕಡೆಯ ಸಲ ಗುಡಿಸಿದವರು ಯಾರು ಎಂದು ಕೇಳಿಕೊಂಡು ಬರೆದು ತನ್ನಿ ಎನ್ನುತ್ತೇನೆ. ಮೊದಲ ಮೂರು ಪ್ರಶ್ನೆಗೆ ಬಗೆಬಗೆಯ ಉತ್ತರ ಬರುತ್ತವೆ. ನಾಲ್ಕನೆಯದಕ್ಕೆ ಬರುವ ಉತ್ತರ ಹೆಚ್ಚುಕಡಿಮೆ ಒಂದೇ: “ನಮ್ಮಮ್ಮ.” ಆ ಉತ್ತರದ ಕೆಳಗೆ ನಾನು ಕೆಂಪು ಶಾಯಿಯಲ್ಲಿ ಗೆರೆ ಎಳೆದು ಪೂರ್ತಿ ಅಂಕ ಕೊಡುತ್ತೇನೆ.